ಇಪ್ಪತ್ತರವರೆಗೆ ಎಣಿಸಿದ ಅಂಗೈ

ಗಾಡಿ ಬಂದ ದಿನ ಅದರ ಮಾಲೀಕರು ಎಡಗಡೆ ಕೂತಿದ್ದರು. ಸ್ಟೇರಿಂಗ್ ಹಿಡಿದಿದ್ದವನು ಬಾಡಿಗೆ ಡ್ರೈವರ್. ಮುಂಬಯಿಯ ಆ ಕಡೆಯ ಚೆಂಬೂರಿನಿಂದ ಈ ಕಡೆಯ ಕಾಂದಿವಲಿಯವರೆಗೆ ಮಾಲೀಕರು ಅವನಿಗೆ ಗೇರು ಹಾಕುವ ಶಾಸ್ತ್ರವನ್ನು ಬೋಧಿಸಿಕೊಂಡೇ ಬಂದಿದ್ದರೆಂಬುದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೀಲಿಯನ್ನು ನನ್ನ ಕೈಗಿಟ್ಟವನೇ ತಿರುಗಿಯೂ ನೋಡದೆ ಸ್ಟೇಶನ್ನಿನ ಕಡೆ ನಡೆದ.

ಗಾಡಿ ನನಗಿಂತ ಹಿರಿಯದು. ದುಂಡು ಬೆನ್ನು, ಸ್ಟೇರಿಂಗಿನ ಕಂಬಕ್ಕೇ ಅಂಟಿಕೊಂಡ ಗೇರು, ಮುಂದೆ ಈ ಬಾಗಿಲಿಂದ ಆ ಬಾಗಿಲವರೆಗೆ ಒಂದೇ ಉದ್ದನೆಯ ಸೀಟು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಟರ್ ಹಾಕಿದ ಒಂದೇ ಕೋಣೆಯ ನನ್ನ ಗ್ಯಾರೇಜಿಗೆ ಬರುವುದೆಲ್ಲ ಇಂಥ ಹಿರಿಯ ಜೀವಗಳೇ. ಹೊಸ ಗಾಡಿಯವರು ನನ್ನ ಬೋರ್ಡು ಓದಿ, ಗೌರವದಿಂದ ಮುಂದೆ ಹೋಗುತ್ತಾರೆ.

“ಏನಾಗೇತ್ರಿ ಸಾಹೇಬ್ರ ಗಾಡಿಗೆ?” ಎಂದೆ.

“ಗಾಡಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ಆದದ್ದು ನನಗೆ,” ಎಂದು ಮಾಲೀಕರು ಬಲಗಾಲನ್ನು ಮುಂದಿಟ್ಟರು. ಹಿಮ್ಮಡಿಗೆ ಬ್ಯಾಂಡೇಜು ಕಟ್ಟಿತ್ತು.

ಅವರು ಕರಾವಳಿಯವರು. ಚೆಂಬೂರಿನ ಆಚೆಯ ರಿಫೈನರಿಯಲ್ಲಿ ಉಷ್ಣತೆಯ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಎರಡು ತಿಂಗಳ ಹಿಂದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಗಾಡಿ ನಡೆಸಿ ಮನೆಗೆ ಹೋಗಿ ಕಾಲುಚೀಲ ತೆಗೆದಾಗ, ಕಾಲಡಿಯ ಕಾದ ತಗಡಿಗೆ ಬೆಂದ ಹಿಮ್ಮಡಿಯ ಚರ್ಮ ಚೀಲದ ಜೊತೆಗೇ ಬಂದಿತ್ತು. ನೋವು ಮಾತ್ರ ಇರಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದು ಮುಗಿಸಿತ್ತು. ಅದೇ ಜಾಗದಲ್ಲಿ ಇನ್ನೊಮ್ಮೆ ಸುಟ್ಟರೆ ಕಾಲು ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

“ಹಂಗಾದ್ರ ಗಾಡಿ ನಡಸೂದು ನಿಲ್ಲಿಸಿದ್ರ ಚಲೋ ಅಲ್ಲೇನ್ರಿ?”

“ನಡೆಯುವಾಗ ನಾನು ಕುಂಟ. ಲೋಕಲ್ ಟ್ರೈನ್ ಹತ್ಲಿಕ್ಕೆ ಆಗುದಿಲ್ಲ. ಇದರಲ್ಲಿ ಕೂತ್ರೆ ಮಾತ್ರ ನನಗೆ ಎರಡು ಕಾಲೂ ಸರಿ ಉಂಟು. ನೀವು ನನ್ನ ಕಾಲನ್ನು ನೋಡ್ಬೇಡಿ ಮಿಸ್ತ್ರಿಗಳೇ, ಬಿಸಿಯನ್ನು ನೋಡಿ.”

ನೋಡಿದೆ. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಬರುವ ಹೊಗೆಯನ್ನು ನಾಲ್ಕು ಕೊಳವೆಗಳಲ್ಲಿ ಇಳಿಸಿ ಒಂದು ದಪ್ಪ ಕೊಳವೆಗೆ ಸೇರಿಸುವ ಜೋಡಣೆಗೆ ಹೆಡರ್ ಎನ್ನುತ್ತೇವೆ. ಈ ಗಾಡಿಗೆ ಮೊದಲಿದ್ದ ಎರಕದ ಭಾಗ ಎಂದೋ ಬಿರಿದುಹೋಗಿತ್ತು. ಅದರ ಜಾಗಕ್ಕೆ ಯಾರೋ ಮಹಾನುಭಾವರು ಕೊಳವೆ ಬಗ್ಗಿಸಿ ಒಂದು ಹೆಡರ್ ಮಾಡಿಕೊಟ್ಟಿದ್ದರು. ಹೊಗೆ ಹೊರಗೆ ಹೋಗಬೇಕೆಂಬುದನ್ನು ಯೋಚಿಸಿದ್ದ ಆ ಶಿಲ್ಪಿ ಗಾಡಿಯೊಳಗೆ ಮನುಷ್ಯ ಕೂರುತ್ತಾನೆಂಬುದನ್ನು ಯೋಚಿಸಿರಲಿಲ್ಲ. ದಪ್ಪ ಕೊಳವೆ ಎಕ್ಸಲರೇಟರಿನ ನೇರ ಕೆಳಗೆ, ತಗಡಿಗೆ ಎರಡು ಬೆರಳು ಅಂತರದಲ್ಲಿ ಹಾದುಹೋಗುತ್ತಿತ್ತು. ಹಳೆಯ ನಮೂನೆಯ ಎರಕದ ಭಾಗಕ್ಕಾಗಿ ಎರಡು ದಿನ ಗುಜರಿ ಬಜಾರುಗಳನ್ನು ಅಲೆದು ಬರಿಗೈಲಿ ಬಂದೆ. ಉಳಿದ ದಾರಿ ಒಂದೇ: ಹೆಡರಿಗೆ ಬಿಸಿ ತಡೆಯುವ ಪಟ್ಟಿ ಸುತ್ತುವುದು.

ಆ ವಾರವೇ ಅವರ ಮಗಳ ಫೋನು ಬಂತು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುವಾಗ ಮೆಟ್ಟಿಲು ಹುಡುಕಿ ಹುಡುಕಿ ಇಳಿಯುವಂತೆ ಮಾತಾಡುತ್ತಿದ್ದಳು.

“ಅಂಕಲ್, ಒಂದು ರಿಕ್ವೆಸ್ಟ್. ಪಪ್ಪಾಗೆ ಹೇಳಿ, ಗಾಡಿ ಖತಂ ಅಂತ. ರಿಪೇರ್ ಆಗಲ್ಲ ಅಂತ. ನಾನು ಹೇಳಿದ್ರೆ ಅವರು ಕೇಳಲ್ಲ. ಆಪ್ ಕೀ ಬಾತ್ ಮಾನೇಂಗೆ.”

ಸತ್ತ ಗಾಡಿಗಳನ್ನು ಬದುಕಿವೆ ಎಂದು ಪ್ರಮಾಣ ಮಾಡಿ ಹೊಟ್ಟೆ ಹೊರೆದವನು ನಾನು. ಬದುಕಿರುವ ಗಾಡಿಯೊಂದನ್ನು ಸತ್ತಿದೆ ಎನ್ನುವುದು ಮಾತ್ರ ನನ್ನ ಧರ್ಮಕ್ಕೆ ವಿರುದ್ಧವಾಗಿ ಕಂಡಿತು. “ಸುಳ್ಳು ಹೇಳೂದು ಬ್ಯಾಡವಾ. ಬಿಸೀನ ಒಳಗ ಬರದಂಗ ಮಾಡ್ತೀನಿ, ಅಷ್ಟ ಸಾಕಲ್ಲ?” ಎಂದೆ.

“ಪಕ್ಕಾ?” ಎಂದಳು ಅವಳು.

“ಪಕ್ಕಾ.”

ಬಿಚ್ಚುವುದರಲ್ಲೇ ಎರಡು ದಿನ ಹೋಯಿತು. ಹೆಡರನ್ನು ಎಂಜಿನ್ನಿಗೆ ಹಿಡಿದಿದ್ದ ತಲೆಯಿಲ್ಲದ ಬೋಲ್ಟುಗಳು, ಅಂದರೆ ಎಂಟು ಸ್ಟಡ್‌ಗಳಲ್ಲಿ ಆರು ಒಂದಿಡೀ ದಿನದ ಸೀಮೆಎಣ್ಣೆಯ ಅಭಿಷೇಕಕ್ಕೆ ಒಲಿದವು. ಏಳನೆಯದು ಬಯ್ಗುಳಕ್ಕೆ ಒಲಿಯಿತು. ಎಂಟನೆಯದು ಬುಡದಲ್ಲೇ ಮುರಿಯಿತು. ಪಕ್ಕದ ಕೋಣೆಯ ವೆಲ್ಡರನನ್ನು ಕರೆದೆ. ಅವನು ಕಲಬುರ್ಗಿ ಕಡೆಯವನು. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ, ಗಿರಾಕಿಗಳೊಡನೆ ಹಿಂದಿ; ತನ್ನ ಯಂತ್ರದೊಡನೆ ಮಾತ್ರ ಮೌನ. ಮುರಿದ ತುಂಡಿನ ತಲೆಗೆ ಒಂದು ನಟ್ಟನ್ನು ಬೆಸೆದು, ಅದು ಕೆಂಪಗಿರುವಾಗಲೇ ಪಾನಾ ಹಾಕಿ ಮೆಲ್ಲಗೆ ತಿರುಗಿಸಿ ಹೊರಗೆಳೆದ. ದಪ್ಪ ಕೊಳವೆಯ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು; ಅದನ್ನೂ ಮುಚ್ಚಿದ.

ಆಮೇಲೆ ಚಹಾ. ಎಸ್ಟೇಟಿನ ಚಹಾದವನು ಗ್ಲಾಸಿನ ಕಂಠದವರೆಗೆ ಕುದಿಯುವ ಚಹಾ ಕೊಡುತ್ತಾನೆ. ಎಲ್ಲರೂ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಊದುತ್ತಾರೆ. ನಾನು ಮುಷ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದೆ.

“ಅಣ್ಣಂದು ಕೈ ಅಲ್ಲ, ಇಕ್ಕಳ ಅದ,” ಎಂದು ವೆಲ್ಡರ್, ಕೆಲಸ ನೋಡಲು ಬಂದಿದ್ದ ಮಾಲೀಕರಿಗೆ ನನ್ನ ಪರಿಚಯ ಮಾಡಿಕೊಟ್ಟ. ನಾನು ಬೇಡವೆನ್ನಲಿಲ್ಲ. ಈ ಕಸುಬಿನಲ್ಲಿ ಸಿಗುವ ಪದವಿ ಪುರಸ್ಕಾರಗಳು ಇಂಥವೇ.

ಪಟ್ಟಿ ಎರಡಂಗುಲ ಅಗಲದ ಗಾಜಿನ ನಾರಿನ ನೇಯ್ಗೆ. ಎರಡು ರೋಲು ತಂದಿದ್ದೆ. ಒಣ ಪಟ್ಟಿಯ ನಾರು ಚರ್ಮಕ್ಕೆ ಚುಚ್ಚಿದರೆ ಮೂರು ದಿನ ತುರಿಕೆ. ಅದಕ್ಕೆ ಬಕೆಟ್ಟಿನಲ್ಲಿ ನೆನೆಸಿ ಸುತ್ತಬೇಕು. ಒದ್ದೆಯಾದರೆ ಬಾಗುವ ಕಡೆ ಚೆನ್ನಾಗಿ ಕೂರುತ್ತದೆ, ಒಣಗಿದ ಮೇಲೆ ಬಿಗಿಯಾಗುತ್ತದೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆ ಕಾಲಂಗುಲ ಏರಬೇಕು. ಹೆಚ್ಚು ಏರಿದರೆ ಪಟ್ಟಿ ದಂಡ, ಕಡಿಮೆಯಾದರೆ ಬಾಗಿದ ಕಡೆ ಹೊರಮೈಯಲ್ಲಿ ಬಾಯಿ ಬಿಡುತ್ತದೆ. ತುದಿಗಳನ್ನು ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು.

ಹೆಡರನ್ನು ಬೆಂಚಿನ ಮೇಲೆ ಮಲಗಿಸಿ ಎಂಜಿನ್ನಿನ ಕಡೆಯಿಂದ ಶುರುಮಾಡಿದೆ. ಮೇಲಿಂದ ಕೆಳಕ್ಕೆ ಮೂರು ಕೊಳವೆ ಮುಗಿಸಿ ನಾಲ್ಕನೆಯದಕ್ಕೆ ಕೈಯಿಟ್ಟಿದ್ದೆ. ಮಾಲೀಕರು ರಿಕ್ಷಾದಲ್ಲಿ ಬಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವರು ಕೆಮ್ಮಿದರು.

“ಅಲ್ಲ ಮಿಸ್ತ್ರಿಗಳೇ, ಹೆಂಚು ಹೊದೆಸುವಾಗ ಕೆಳಗಿಂದ ಮೇಲೆ ಹೋಗುದಲ್ವಾ? ಇಲ್ಲದಿದ್ರೆ ಮಳೆನೀರು ಸಂದಿಯೊಳಗೆ ಹೋಗ್ತದೆ.”

ನಾನು ವಿಜಯಪುರದ ಕಡೆಯವನು. ನಮ್ಮಲ್ಲಿ ಮಣ್ಣಿನ ಮಾಳಿಗೆ ಮನೆ. ಹೆಂಚಿನ ವಿದ್ಯೆ ನಮ್ಮ ವಂಶದಲ್ಲೇ ಇಲ್ಲ. ಅವರು ಹೇಳಿದ್ದು ಸರಿಯಿತ್ತು. ಇನ್ನೆರಡು ವಾರಕ್ಕೆ ಮುಂಬಯಿಯ ಮಳೆ. ನೀರು ಒಳಗೆ ನಿಂತರೆ ಪಟ್ಟಿಯ ಕೆಳಗೇ ಕೊಳವೆ ತುಕ್ಕು ಹಿಡಿಯುತ್ತದೆ. ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಬಿಚ್ಚಿದೆ.

ಒಮ್ಮೆ ಕಟ್ಟಿ ಬಿಚ್ಚಿದ ಪಟ್ಟಿ ಅಂಚಿನಲ್ಲಿ ಎಳೆ ಬಿಡುತ್ತದೆ. ಹಾಳಾದ ಭಾಗವನ್ನೆಲ್ಲ ಕತ್ತರಿಸಿ ಎಸೆದು ಒಂದೊಂದು ಕೊಳವೆಯನ್ನೂ ಕೆಳಗಿಂದ ಮೇಲಕ್ಕೆ ಮತ್ತೆ ಸುತ್ತಿದೆ. ನಾಲ್ಕು ಕೊಳವೆ ಚೆನ್ನಾಗಿ ಬಂದವು. ಕೊನೆಗೆ ದಪ್ಪ ಕೊಳವೆಗೆ ಬಂದಾಗ ಪಟ್ಟಿ ಸಾಲಲಿಲ್ಲ. ಸೈಲೆನ್ಸರಿನ ಜೋಡಣೆಯ ಹತ್ತಿರ ಒಂದು ಗೇಣು ಬತ್ತಲೆ ಉಳಿಯಿತು. ಅಂಗಡಿಯವನು ಇನ್ನೊಂದು ರೋಲು ಬರಲು ನಾಲ್ಕು ದಿನ ಬೇಕೆಂದ.

“ನಾಕ್ ದಿನ ತಡದ್ರ ಏನ್ ಆಗ್ತದ ಅಣ್ಣಾ?” ಎಂದ ವೆಲ್ಡರ್.

“ಮೊದಲು ಕೂರಿಸಿ ನೋಡೂಣು. ಬಿಸಿ ಬಂದ್ರ ತಡಿಯೂಣು,” ಎಂದೆ.

ಕೂರಿಸಿ ಎಂಜಿನ್ ಚಾಲೂ ಮಾಡಿದಾಗ ಹೊಸ ಪಟ್ಟಿ ತನ್ನ ಪದ್ಧತಿಯಂತೆ ಹೊಗೆಯಾಡಿತು. ಮೊದಲ ಬಿಸಿಗೆ ಅದು ಹಾಗೆಯೇ. ಎಸ್ಟೇಟಿನ ವಾಚ್‌ಮನ್ ಮರಳಿನ ಬಕೆಟ್ ಹಿಡಿದು ಓಡಿ ಬಂದ. ಬಕೆಟ್ಟಿನಲ್ಲಿ ಮರಳಿಗಿಂತ ಹೆಚ್ಚು ಬೀಡಿ ತುಂಡುಗಳಿದ್ದವು. ಅರ್ಧ ಗಂಟೆಯಲ್ಲಿ ಹೊಗೆ ನಿಂತಿತು.

ಮರುದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಮಾಲೀಕರನ್ನು ಪಕ್ಕಕ್ಕೆ ಕೂರಿಸಿಕೊಂಡು ಬೋರಿವಲಿಯವರೆಗೆ ಓಡಿಸಿ ಬಂದೆ. ಗಾಡಿ ನಿಲ್ಲಿಸಿ, ಕಾರ್ಪೆಟ್ ಎತ್ತಿ, ಎಕ್ಸಲರೇಟರಿನ ಕೆಳಗಿನ ತಗಡಿನ ಮೇಲೆ ಬಲಗೈಯ ಅಂಗೈ ಊರಿದೆ.

ಇದು ನನ್ನ ಉಸ್ತಾದರು ಕಲಿಸಿದ ಪರೀಕ್ಷೆ. ಅಂಗೈ ಇಟ್ಟು ಎಣಿಸಬೇಕು. ಐದರೊಳಗೆ ಕೈ ತಾನಾಗಿ ಎದ್ದರೆ ಕೆಲಸ ಬಾಕಿ. ಹತ್ತು ದಾಟಿದರೆ ಗಿರಾಕಿ ಕೂರಬಹುದು. ಅವರ ಕೈಕೆಳಗಿದ್ದವರಿಗೆಲ್ಲ ಇದೇ ಬಿ.ಎ., ಇದೇ ಎಂ.ಎ. ನಾನು ಇಪ್ಪತ್ತರವರೆಗೆ ಎಣಿಸಿದೆ. ತಗಡು ಬೆಚ್ಚಗಿತ್ತು, ಅಷ್ಟೇ.

ಮಾಲೀಕರು ತಮ್ಮ ಚೀಲದಿಂದ ಪಿಸ್ತೂಲಿನಂಥ ಒಂದು ಮೀಟರು ತೆಗೆದರು. ಗುರಿಯಿಟ್ಟು ಗುಂಡಿ ಒತ್ತಿದರೆ ಉಷ್ಣತೆ ತೋರಿಸುವಂಥದ್ದು.

“ಒಮ್ಮೆ ಇದರಲ್ಲಿ ನೋಡುವನಾ?”

ನಾನು ಕೈ ಒರೆಸುವ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸತೊಡಗಿದೆ. ನನ್ನ ಮುಖ ಹೇಗಿತ್ತೋ. ಅವರು ನೋಡಿದರು, ಮೀಟರನ್ನು ಡ್ಯಾಶಿನ ಖಾನೆಯೊಳಗಿಟ್ಟು ಮುಚ್ಚಿದರು.

“ಬೇಡ ಬೇಡ. ನಿಮ್ಮ ಕೈಯೇ ಹೇಳಿದ ಮೇಲೆ ಇದು ಎಂತಕ್ಕೆ?”

ಹುಣ್ಣು ಒಣಗಿದೆಯೆಂದು ಡಾಕ್ಟರು ಹೇಳುವವರೆಗೆ ಗಾಡಿ ನನ್ನಲ್ಲೇ ಇತ್ತು. ಒಂಬತ್ತು ದಿನ. ಆ ಒಂಬತ್ತು ದಿನಗಳಲ್ಲಿ ಇನ್ನೊಂದು ರೋಲು ತರಿಸಿ ಆ ಒಂದು ಗೇಣನ್ನು ಮುಚ್ಚಬಹುದಿತ್ತು. ಅಂಗೈ ಪಾಸು ಮಾಡಿದ ಕೆಲಸವನ್ನು ಮತ್ತೆ ಬಿಚ್ಚುವುದು ನನ್ನ ಗ್ಯಾರೇಜಿನ ಸಂಪ್ರದಾಯವಾಗಿರಲಿಲ್ಲ. ಹತ್ತನೆಯ ದಿನ ಅವರು ಬಂದು, ಸ್ಟೇರಿಂಗ್ ಹಿಂದೆ ಕೂತು, ಒಮ್ಮೆ ಹಾರ್ನ್ ಹೊಡೆದು ಹೊರಟರು.

ಅದಾದ ಮೂರನೆಯ ದಿನ ಮಗಳ ಫೋನು. ಅವಳು ಅಳುತ್ತಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

“ಅಂಕಲ್, ಪಪ್ಪಾ ಹಾಸ್ಪಿಟಲಲ್ಲಿ. ಅವತ್ತು ನಿಮ್ಮಲ್ಲಿಂದ ಘರ್ ಬರೋಕೆ ಮೂರು ಗಂಟೆ ಆಯ್ತು. ಕಾಲು ನೋಡಿಕೊಂಡಿಲ್ಲ ಅವರು. ಇವತ್ತು ವಾಸನೆ ಬಂತು, ಆಗ ನಾನು ನೋಡಿದೆ.”

ನಾನು ಚೆಂಬೂರು ತಲುಪಿದಾಗ ಅವರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ಮಗಳು ಗಾಡಿಯ ಕೀಲಿಯನ್ನು ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಇಟ್ಟಳು, ಕೈಗೆ ಕೊಡಲಿಲ್ಲ. “ಬಿಲ್ಡಿಂಗ್ ಕೆಳಗೆ ನಿಂತಿದೆ. ತೊಗೊಂಡು ಹೋಗಿ. ಈಗಲಾದ್ರೂ ಹೇಳ್ತೀರಲ್ಲ, ಖತಂ ಅಂತ?”

ಗಾಡಿಯನ್ನು ಕಾಂದಿವಲಿಗೆ ನಾನೇ ಓಡಿಸಿಕೊಂಡು ಬಂದೆ. ಹೈವೇ ತುಂಬ ಗಾಡಿಗಳು ಉಸಿರು ಕಟ್ಟಿ ನಿಂತಿದ್ದವು. ಎರಡೂವರೆ ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನನ್ನ ಹಿಮ್ಮಡಿಗೆ ಏನೂ ಅನ್ನಿಸಲಿಲ್ಲ. ಹಾಗಾದರೆ ಅವರ ಕಾಲು ಸುಟ್ಟಿದ್ದು ನನ್ನ ಕೆಲಸದಿಂದಲ್ಲ ಎಂದು ಒಳಗೊಳಗೇ ವಕಾಲತ್ತು ನಡೆಸಿಕೊಂಡು ಬಂದೆ.

ವೆಲ್ಡರನನ್ನು ಕರೆದೆ. ಕಾರ್ಪೆಟ್ ಎತ್ತಿ ತಗಡು ತೋರಿಸಿದೆ. “ಇಲ್ಲಿ ಕೈ ಇಡು.”

ಅವನು ಅಂಗೈ ಊರಿದ. ನಾನು ಎಣಿಸತೊಡಗಿದೆ. “ಒಂದು, ಎರಡು...”

“ಯಾ ಅಲ್ಲಾ,” ಎಂದು ಕೈ ಕಿತ್ತುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಕೊಳವೆ ಕೆಂಪಗೆ ಕಾಯಿಸುವ ಮನುಷ್ಯ ಅವನು, ನಾಜೂಕಿನವನಲ್ಲ.

ಅದೇ ಜಾಗದಲ್ಲಿ ನಾನು ಕೈಯಿಟ್ಟೆ. ಐದು. ಹತ್ತು. ಹದಿನೈದು. ಅವನು ತಗಡನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಇಪ್ಪತ್ತಕ್ಕೆ ನನ್ನ ಮಣಿಕಟ್ಟು ಹಿಡಿದು ತಾನೇ ಎತ್ತಿದ.

“ಸಾಕು ಬಿಡು ಅಣ್ಣಾ. ನಿಂದು ಕೈ ಸತ್ತದ.”

ಅಂಗೈ ಕೆಂಪಗಾಗಿತ್ತು. ಅದು ನನ್ನದೇ ಎಂದು ನಂಬಬೇಕಿತ್ತು. ಡ್ಯಾಶಿನ ಖಾನೆ ತೆಗೆದೆ. ಮೀಟರು ಇಟ್ಟಲ್ಲೇ ಇತ್ತು. ತಗಡಿಗೆ ಗುರಿಯಿಟ್ಟು ಒತ್ತಿದೆ. ಅರವತ್ತೊಂದು ಡಿಗ್ರಿ.

ಕೆಳಗೆ ಮಲಗಿ ನೋಡಿದಾಗ ಉಳಿದದ್ದೂ ಅರ್ಥವಾಯಿತು. ಪಟ್ಟಿ ಬಿಸಿಯನ್ನು ಕೊಲ್ಲುವುದಿಲ್ಲ, ಹೊರಗೆ ಬಿಡದೆ ಮುಂದಕ್ಕೆ ಕಳಿಸುತ್ತದೆ. ಮೊದಲು ನಾಲ್ಕೂ ಕೊಳವೆಗಳಲ್ಲಿ ಹಂಚಿ ಹೋಗುತ್ತಿದ್ದ ಬಿಸಿಯನ್ನು ನಾನು ಶ್ರದ್ಧೆಯಿಂದ ಕಟ್ಟಿ, ಪೂರ್ತಿಯಾಗಿ ಆ ಬತ್ತಲೆ ಗೇಣಿಗೆ ತಲುಪಿಸಿದ್ದೆ. ಆ ಗೇಣು ಇದ್ದದ್ದು ಅವರ ಹಿಮ್ಮಡಿ ಊರುವ ಜಾಗದ ಕೆಳಗೆ. ಕೆಲಸ ಕೆಟ್ಟದಾಗಿದ್ದಿದ್ದರೆ ಕಾಲು ಉಳಿಯುತ್ತಿತ್ತೇನೋ.

ಮೂರು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹೊದಿಕೆ ಅಲ್ಲಿಂದ ಮುಂದೆ ಹಾಸಿಗೆಗೆ ಸಪಾಟಾಗಿ ಬಿದ್ದಿತ್ತು. ಮಗಳು ಕಿಟಕಿಯ ಹತ್ತಿರ ನಿಂತಿದ್ದಳು.

“ಗಾಡಿ ಹೇಗುಂಟು?” ಎಂದರು ಅವರು. ಮೊದಲ ಮಾತು ಅದೇ.

ಮಗಳು ನನ್ನನ್ನೇ ನೋಡುತ್ತಿದ್ದಳು. ಖತಂ ಎಂಬ ಒಂದು ಮಾತು ಬೇಕಿತ್ತು ಅವಳಿಗೆ. ಅದನ್ನು ಹೇಳಿದ್ದರೆ ನನಗೂ ಸುಲಭವಿತ್ತು. ಗಾಡಿಯ ಜೊತೆ ಉಳಿದದ್ದೂ ಹೂತುಹೋಗುತ್ತಿತ್ತು.

“ಗಾಡಿ ಸರಿ ಐತ್ರಿ. ನನ್ನ ಕೈ ಸರಿ ಇಲ್ಲ,” ಎಂದೆ. ಪಟ್ಟಿ ಸಾಲದ್ದು, ಇಪ್ಪತ್ತು ಎಣಿಸಿದ್ದು, ವೆಲ್ಡರ್ ಎರಡಕ್ಕೇ ಕೈ ಎತ್ತಿದ್ದು, ಎಲ್ಲವನ್ನೂ ಹೇಳಿದೆ. ಪಾಳಿ ಮುಗಿಸಿದವನ ವರದಿ ಕೇಳುವಂತೆ ಕೇಳಿದರು.

“ಮೀಟರ್ ಎಷ್ಟು ತೋರಿಸಿತು?”

“ಅರವತ್ತೊಂದು.”

ಅವರು ಕಣ್ಣು ಮುಚ್ಚಿದರು. “ರಿಫೈನರಿಯಲ್ಲಾಗಿದ್ರೆ ನಾನು ಬಿಡ್ತಿರಲಿಲ್ಲ. ಯಾರು ಏನೇ ಹೇಳ್ಲಿ, ಮೀಟರ್ ಹಾಕಿಯೇ ಹಾಕುದು. ಅವತ್ತು ನಿಮ್ಮ ಮುಖ ನೋಡಿ ದಾಕ್ಷಿಣ್ಯ ಬಂತು.” ಕಣ್ಣು ತೆರೆಯದೆಯೇ ಕೇಳಿದರು, “ನಿಮ್ಮ ಕೈ ಕೆಲಸದಿಂದ ಹಾಗಾದದ್ದು ಅಂತ ಹೇಗೆ ಹೇಳ್ತೀರಿ? ಶುಗರ್ ನೋಡಿಸಿದ್ದೀರಾ?”

“ಇಲ್ರಿ. ಮೂವತ್ತು ನಲವತ್ತು ವರ್ಷ ಬಿಸಿ ಕಬ್ಬಿಣ ಹಿಡಿದದ್ದಲ್ಲ, ಅದಕ್ಕ...”

“ನನ್ನ ಕಾಲು ಜಡ ಆದಾಗ ನಾನೂ ರಿಫೈನರಿಯ ಬೂಟಿಗೆ ಬೈದವನೇ. ನೋಡಿಸಿ.”

ಹೊರಗೆ ಲಿಫ್ಟಿನವರೆಗೆ ಮಗಳು ಬಂದಳು. ಗುಂಡಿ ಒತ್ತಿ, ಲಿಫ್ಟಿನ ಬಾಗಿಲನ್ನೇ ನೋಡುತ್ತ ಹೇಳಿದಳು: “ಅಂಕಲ್, ನಾನು ಒಂದು ಝೂಟ್ ಕೇಳಿದ್ದೆ. ಅದು ಹೇಳಿದ್ದಿದ್ರೆ ಪಪ್ಪಾದು ಕಾಲು ಇರ್ತಿತ್ತು.”

ಲಿಫ್ಟು ಬಂತು. ನಾನೊಬ್ಬನೇ ಹತ್ತಿದೆ.

ಹೊಸ ರೋಲು ತಂದು ಇಡೀ ಹೆಡರನ್ನು ಮೊದಲಿನಿಂದ ಸುತ್ತಿದೆ, ಜೋಡಣೆ ದಾಟಿ ಮೊಳದುದ್ದ. ಕೊಳವೆಗೂ ತಗಡಿಗೂ ನಡುವೆ ಗಾಳಿಯಾಡುವಂತೆ ಅಲ್ಯೂಮಿನಿಯಂ ಹಾಳೆಯೊಂದನ್ನು ವೆಲ್ಡರ್ ಕೂರಿಸಿಕೊಟ್ಟ. ಸ್ಟೇರಿಂಗ್ ಹಿಂದೆ ಇನ್ನು ಯಾರು ಕೂರುತ್ತಾರೆಂದು ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಒಂದು ಗಂಟೆ ಓಡಿಸಿ ಮೀಟರು ಹಾಕಿದೆ. ಅವನ ಕೈಯನ್ನೂ ಇಡಿಸಿದೆ. ನನ್ನ ಕೈಯನ್ನು ಜೇಬಿನಲ್ಲಿಟ್ಟುಕೊಂಡೆ. ನನ್ನ ರಕ್ತ ಪರೀಕ್ಷೆಯ ವಿವರಗಳಿಂದ ಓದುಗರಿಗೆ ಬೇಸರ ಬರಿಸಲಾರೆ. ಈಗ ಚಹಾಕ್ಕೆ ಸಕ್ಕರೆ ಹಾಕಿಸುವುದಿಲ್ಲ. ಗ್ಲಾಸನ್ನು ಅಂಚಿನಲ್ಲಿ ಹಿಡಿಯುತ್ತೇನೆ.

ಮಳೆ ಜೋರಾದ ಮೇಲೆ ಒಂದು ದಿನ ಮಗಳೇ ಫೋನು ಮಾಡಿದಳು. ಕೃತಕ ಕಾಲಿನ ಅಳತೆ ಕೊಡಲು ವಡಾಲಕ್ಕೆ ಹೋಗಬೇಕಿತ್ತು. ಪಪ್ಪಾ ಟ್ಯಾಕ್ಸಿ ಹತ್ತುವುದಿಲ್ಲ ಎನ್ನುತ್ತಿದ್ದಾರೆ, ಎಂದಳು. ಗಾಡಿ ತಗೊಂಡು ಬನ್ನಿ ಎಂದು ಹೇಳಲಿಲ್ಲ. ತಗೊಂಡು ಹೋದೆ.

ಅವರು ಊರುಗೋಲಿನ ಮೇಲೆ ಬಂದು ಬಲಗಡೆಯ ಬಾಗಿಲು ತೆಗೆಸಿದರು. ನಾನು ಅಡ್ಡ ಬರಲಿಲ್ಲ. ಸ್ಟೇರಿಂಗ್ ಹಿಂದೆ ಕೂತರು. ಗೇರನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡಿಸಿದರು. ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕೆಳಗೆ ಎಕ್ಸಲರೇಟರ್ ಸುಮ್ಮನೆ ನಿಂತಿತ್ತು. ಮಳೆ ನನ್ನ ಮೇಲೂ ಮಗಳ ಮೇಲೂ ಸುರಿಯುತ್ತಿತ್ತು.

“ಉದ್ದ ಸೀಟಿನ ಗಾಡಿ ಒಳ್ಳೇದು,” ಎಂದು ಎರಡೂ ಕೈ ಊರಿ ಎಡಗಡೆಗೆ ಸರಿದರು. “ಇಳಿದು ಹತ್ತುವ ಕೆಲಸ ಇಲ್ಲ. ಬನ್ನಿ, ನೀವು ಕೂತ್ಕೊಳ್ಳಿ.”

ಕೂತೆ. ಮಗಳು ಹಿಂದೆ ಹತ್ತಿದಳು. ರಸ್ತೆಯ ನೀರು ಪಟ್ಟಿಗೆ ಸಿಡಿದಾಗ ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಅವರು ಮೀಟರನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಹಿಮ್ಮಡಿಯ ಪಕ್ಕದ ತಗಡಿಗೆ ಗುರಿಯಿಟ್ಟು ಗಟ್ಟಿಯಾಗಿ ಓದುತ್ತಿದ್ದರು. ಮೂವತ್ತಾರು. ಮೂವತ್ತೆಂಟು. ವಡಾಲದ ಹತ್ತಿರ ಜಾಮಿನಲ್ಲಿ ಅರ್ಧ ಗಂಟೆ ನಿಂತೆವು.

“ನಲವತ್ತು,” ಎಂದರು. “ಬಿಸಿ ಆಗ್ತದಾ?”

“ಇಲ್ರಿ,” ಎಂದೆ.

“ನಿಮ್ಮ ಹತ್ರ ಕೇಳಿದ್ದಲ್ಲ.”

ಹಿಂದಿನಿಂದ ಮಗಳು ಮುಂದಕ್ಕೆ ಬಾಗಿದಳು. ಸೀಟಿನ ಬೆನ್ನಿನ ಮೇಲಿಂದ ನಮ್ಮಿಬ್ಬರ ನಡುವೆ ಅರ್ಧ ಮೈ ಇಳಿಸಿ ತೋಳು ಚಾಚಿ, ನನ್ನ ಕಾಲಿನ ಹತ್ತಿರ ತಗಡಿನ ಮೇಲೆ ಅಂಗೈ ಊರಿದಳು. ಅವಳು ಎಣಿಸುತ್ತಿದ್ದಳೋ ಇಲ್ಲವೋ ತಿಳಿಯದು, ನಾನಂತೂ ಎಣಿಸುತ್ತಿದ್ದೆ. ಇಪ್ಪತ್ತು ದಾಟಿತು. ಸಿಗ್ನಲ್ಲು ಬಿಟ್ಟಿತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅವಳು ಕೈ ತೆಗೆಯುವವರೆಗೆ ನಾನು ಗಾಡಿಯನ್ನು ಮುಂದಕ್ಕೆ ಬಿಡಲಿಲ್ಲ.